ಇಂಗ್ಲೆಂಡಿಗೆ ಬಂದು ತಿಂಗಳೊಪ್ಪತ್ತಾಗಿದೆ, ಈಗ ಗರ್ಭಿಣಿ: ಎನ್‌ಎಚ್‌ಎಸ್ ಸಿಗುತ್ತದಾ?

ಓದುಗರ ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 27. ನನ್ನ ಗಂಡ ರೀಡಿಂಗ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಸ್ಕಿಲ್ಡ್ ವರ್ಕರ್ ವೀಸಾ. ನಾನು ಅವರ ಡಿಪೆಂಡೆಂಟ್ ಆಗಿ ಬಂದು ಆರು ವಾರ ಆಯ್ತು. ಮೊನ್ನೆ ಮನೆಯಲ್ಲೇ ಟೆಸ್ಟ್ ಮಾಡಿದೆ, ಗರ್ಭಿಣಿ ಅಂತ ಗೊತ್ತಾಯಿತು. ಲೆಕ್ಕ ಹಾಕಿದರೆ ಒಂಬತ್ತನೇ ವಾರ. ಅಂದರೆ ಬೆಂಗಳೂರಿನಲ್ಲಿ ವಿಮಾನ ಹತ್ತುವಾಗಲೇ ಗರ್ಭ ನಿಂತಿತ್ತು, ನಮಗೇ ಗೊತ್ತಿರಲಿಲ್ಲ. ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಆರು ತಿಂಗಳು ಕಳೆಯುವವರೆಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸಿಗುವುದಿಲ್ಲ ಅಂತ ಒಬ್ಬರು. ಬರುವ ಮೊದಲೇ ಗರ್ಭ ಇದ್ದದ್ದರಿಂದ ಮುಚ್ಚಿಟ್ಟ ಹಾಗಾಗುತ್ತದೆ ಅಂತ ಇನ್ನೊಬ್ಬರು. ನನ್ನ ಇ-ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ ಎಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡರೆ ಗಂಡನ ವೀಸಾಗೇ ಕುತ್ತು ಬರುತ್ತದಾ? ಗೊತ್ತಿದ್ದವರೊಬ್ಬರಿಗೆ ಹೆರಿಗೆಯಾದ ಮೇಲೆ ಸಾವಿರಾರು ಪೌಂಡ್ ಬಿಲ್ ಬಂದಿತ್ತಂತೆ. ಅತ್ತೆಯವರು ಏಳನೇ ತಿಂಗಳಿಗೆ ಊರಿಗೆ ಬಂದುಬಿಡು ಅನ್ನುತ್ತಾರೆ. ಅಮ್ಮ ಬಾಣಂತನಕ್ಕೆ ಇಲ್ಲಿಗೇ ಬರುತ್ತೇನೆ ಅನ್ನುತ್ತಾಳೆ, ಅವಳಿಗೆ ಶುಗರ್ ಇದೆ. ಮಗು ಇಲ್ಲಿ ಹುಟ್ಟಿದರೆ ಅದರ ಚಿಕಿತ್ಸೆಯ ಕಥೆ ಏನು? ಈ ಗೊಂದಲದಲ್ಲಿ ಇನ್ನೂ ಯಾವ ಡಾಕ್ಟರ ಹತ್ತಿರವೂ ಹೋಗಿಲ್ಲ.

ಉತ್ತರ:

ಮೊದಲಿಗೆ ಇಬ್ಬರಿಗೂ ಅಭಿನಂದನೆ. ಎನ್‌ಎಚ್‌ಎಸ್ ನಿಮಗೆ ಇವತ್ತಿನಿಂದಲೇ ಸಿಗುತ್ತದೆ. ಮಿಡ್‌ವೈಫ್ (ಗರ್ಭಿಣಿಯರನ್ನು, ಹೆರಿಗೆಯನ್ನು ನೋಡಿಕೊಳ್ಳುವವರು) ಭೇಟಿ, ಸ್ಕ್ಯಾನ್, ರಕ್ತ ಪರೀಕ್ಷೆ, ಹೆರಿಗೆ, ಸಿಸೇರಿಯನ್ ಬೇಕಾದರೆ ಸಿಸೇರಿಯನ್, ಹೆರಿಗೆಯ ನಂತರದ ಆರೈಕೆ, ಎಲ್ಲವೂ ಸೇರಿ. ಬಿಲ್ ಬರುವುದಿಲ್ಲ, ವೀಸಾಗೆ ಏನೂ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹತ್ತಿಸಿದ್ದು ಕೊನೆಯ ವಾಕ್ಯ. ಒಂಬತ್ತು ವಾರವಾದರೂ ಯಾರನ್ನೂ ಕಂಡಿಲ್ಲ ಎನ್ನುತ್ತೀರಿ. ನಾನು ಇಂಗ್ಲೆಂಡಿನ ಹೆರಿಗೆ ವಿಭಾಗವೊಂದರಲ್ಲಿ ಮಿಡ್‌ವೈಫ್. ಹೊಸದಾಗಿ ಬಂದ ನಮ್ಮ ಹೆಣ್ಣುಮಕ್ಕಳು ಹದಿನಾರು, ಹದಿನೆಂಟನೇ ವಾರಕ್ಕೆ ಮೊದಲ ಸಲ ಬರುವುದನ್ನು ನೋಡುತ್ತಲೇ ಇರುತ್ತೇನೆ. ಯಾಕೆ ತಡವಾಯಿತು ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ನೀವು ಬರೆದದ್ದೇ: ಬಿಲ್ ಬರುತ್ತದೇನೋ ಅಂತ ಹೆದರಿಕೆ ಇತ್ತು. ಆ ಹೊತ್ತಿಗೆ ಮೊದಲ ಸ್ಕ್ಯಾನಿನ ಅವಧಿ ದಾಟಿ ಹೋಗಿರುತ್ತದೆ. ಹಾಗಾಗಿ ಹಣದ ವಿಷಯವನ್ನು ಮೊದಲು ಬಗೆಹರಿಸಿಬಿಡೋಣ.

ನಿಮ್ಮ ಹಕ್ಕು ಎಲ್ಲಿಂದ ಬರುತ್ತದೆ

ವೀಸಾ ಅರ್ಜಿ ಹಾಕುವಾಗ ನಿಮ್ಮ ಗಂಡ ಇಮಿಗ್ರೇಶನ್ ಹೆಲ್ತ್ ಸರ್‌ಚಾರ್ಜ್ ಎಂದು ಒಂದು ದೊಡ್ಡ ಮೊತ್ತ ಕಟ್ಟಿರುತ್ತಾರೆ. ಇದು ಶುರುವಾಗಿದ್ದು 2015ರ ಏಪ್ರಿಲ್‌ನಲ್ಲಿ, ಆಗ ವರ್ಷಕ್ಕೆ 200 ಪೌಂಡ್ ಇತ್ತು. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ವಿದ್ಯಾರ್ಥಿಗಳಿಗೆ ಮತ್ತು 18 ವರ್ಷದೊಳಗಿನವರಿಗೆ 776. ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ ಹಣವನ್ನು ಮೊದಲೇ ಒಟ್ಟಿಗೆ ಕಟ್ಟಬೇಕು. ನಿಮ್ಮ ವೀಸಾ ಮೂರು ವರ್ಷದ್ದಾದರೆ ನಿಮ್ಮೊಬ್ಬರ ಪಾಲಿಗೇ 3,105 ಪೌಂಡ್ ಆಗಿರುತ್ತದೆ. ಇಮೇಲ್‌ನಲ್ಲಿ ಐಎಚ್‌ಎಸ್ ಎಂದು ಶುರುವಾಗುವ ಒಂದು ನಂಬರ್ ಬಂದಿರುತ್ತದೆ, ಹುಡುಕಿ ತೆಗೆದಿಟ್ಟುಕೊಳ್ಳಿ. ನಿಮ್ಮವರು ನರ್ಸ್ ಅಥವಾ ಡಾಕ್ಟರ್ ಆಗಿದ್ದು ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದಿದ್ದರೆ ಈ ಸರ್‌ಚಾರ್ಜ್ ಮಾಫಿ ಇರುತ್ತಿತ್ತು, ಆದರೂ ಸೌಲಭ್ಯ ಇಷ್ಟೇ ಸಿಗುತ್ತಿತ್ತು. ಈ ಸಾಲನ್ನು ಕರ್ನಾಟಕದಿಂದ ಬಂದಿರುವ ನರ್ಸ್‌ಗಳಿಗಾಗಿಯೇ ಸೇರಿಸುತ್ತಿದ್ದೇನೆ. ನಾವು ಏನೂ ಕಟ್ಟಿಲ್ಲ, ನಮಗೆ ಹೇಗೆ ಸಿಗುತ್ತದೆ ಎಂದು ಹಿಂಜರಿಯುವವರು ಅವರಲ್ಲಿ ತುಂಬಾ ಜನ.

ಈ ಹಣ ಕಟ್ಟಿ ವೀಸಾ ಜಾರಿಯಾದ ದಿನದಿಂದ ನೀವು ಇಲ್ಲಿನ ಕಾಯಂ ನಿವಾಸಿಗಳಿಗೆ ಸಮ. ಕಾಯುವ ಅವಧಿ ಅಂತ ಯಾವುದೂ ಇಲ್ಲ. ಸರ್‌ಚಾರ್ಜ್ ಕಟ್ಟಿದವರಿಗೆ ಸಿಗದೇ ಇರುವ ದೊಡ್ಡ ವಿಷಯ ಒಂದೇ: ಐವಿಎಫ್‌ನಂಥ ಸಂತಾನ ಚಿಕಿತ್ಸೆ. ಅದನ್ನು 2017ರಲ್ಲಿ ತೆಗೆದುಹಾಕಿದರು. ತಾನಾಗಿ ನಿಂತ ಗರ್ಭದ ಆರೈಕೆಗೆ ಅದು ಸಂಬಂಧಿಸಿಲ್ಲ.

ಹಾಗಾದರೆ ಆರು ತಿಂಗಳ ಮಾತು ಎಲ್ಲಿಂದ ಬಂತು? ಆರು ತಿಂಗಳಿಗಿಂತ ಜಾಸ್ತಿ ಅವಧಿಯ ವೀಸಾಗೆ ಹೊರಗಿಂದ ಅರ್ಜಿ ಹಾಕುವವರು ಸರ್‌ಚಾರ್ಜ್ ಕಟ್ಟಬೇಕು. ಆರು ತಿಂಗಳ ಒಳಗಿನ ವಿಸಿಟರ್ ವೀಸಾದವರು ಕಟ್ಟುವಂತಿಲ್ಲ, ಅವರಿಗೆ ಸೌಲಭ್ಯವೂ ಇಲ್ಲ. ಈ ನಿಯಮ ಬಾಯಿಂದ ಬಾಯಿಗೆ ಹೋಗುತ್ತಾ ‘ಆರು ತಿಂಗಳು ಕಾಯಬೇಕು’ ಅಂತಾಗಿದೆ. ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ಹೊಸಬರಿಗೆ ಮೂರು ತಿಂಗಳವರೆಗೆ ಕಾಯುವ ಅವಧಿ ಇರುವುದು ನಿಜ. ಅಲ್ಲಿನ ನೆಂಟರು ಹೇಳಿದ್ದೂ ಇದರೊಳಗೆ ಬೆರೆತಿರುತ್ತದೆ.

ಎರಡನೇ ಹೆದರಿಕೆ, ಬರುವ ಮೊದಲೇ ಗರ್ಭ ಇತ್ತು ಅನ್ನುವುದು. ಇದು ನಮ್ಮೂರಿನ ಇನ್ಶೂರೆನ್ಸ್ ಪಾಲಿಸಿಗಳು ಕಲಿಸಿದ ಹೆದರಿಕೆ. ಅಲ್ಲಿ ಹೆರಿಗೆಗೆ ಎರಡು-ಮೂರು ವರ್ಷ ವೇಟಿಂಗ್ ಪೀರಿಯಡ್ ಇರುತ್ತದೆ, ಮೊದಲೇ ಇದ್ದ ಕಾಯಿಲೆ ಅಂತ ಕ್ಲೇಮ್ ತಿರಸ್ಕರಿಸುತ್ತಾರೆ. ಎನ್‌ಎಚ್‌ಎಸ್ ವಿಮೆ ಅಲ್ಲ. ಗರ್ಭ ಯಾವ ವಾರ ನಿಂತಿತು, ಯಾವ ದೇಶದಲ್ಲಿ ನಿಂತಿತು ಎಂಬುದಕ್ಕೂ ನಿಮ್ಮ ಹಕ್ಕಿಗೂ ಸಂಬಂಧವೇ ಇಲ್ಲ. ಮೊದಲೇ ಇದ್ದ ಥೈರಾಯ್ಡ್‌ಗೂ ಇಲ್ಲಿ ಚಿಕಿತ್ಸೆ ಸಿಗುತ್ತದೆ, ಮೊದಲೇ ನಿಂತ ಗರ್ಭಕ್ಕೂ ಸಿಗುತ್ತದೆ. ಕೊನೆಯ ಮುಟ್ಟಿನ ತಾರೀಕನ್ನು ಮಿಡ್‌ವೈಫ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ. ಇಲ್ಲಿಗೆ ಬಂದ ಮೇಲಿನದು ಅಂತ ತೋರಿಸಲು ಕೆಲವರು ತಾರೀಕು ಮುಂದಕ್ಕೆ ಹಾಕಿ ಹೇಳುತ್ತಾರೆ. ಅದರಿಂದ ಯಾವ ಲಾಭವೂ ಇಲ್ಲ, ಪರೀಕ್ಷೆಗಳ ಸಮಯ ಮಾತ್ರ ತಪ್ಪುತ್ತದೆ.

‘ನೋ ಪಬ್ಲಿಕ್ ಫಂಡ್ಸ್’ ಅಂದರೆ ಯಾವುದು

ಈ ಮೂರು ಪದ ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೋ. ಇಮಿಗ್ರೇಶನ್ ನಿಯಮಗಳಲ್ಲಿ ಪಬ್ಲಿಕ್ ಫಂಡ್ಸ್ ಅಂದರೆ ಏನೇನು ಅಂತ ಒಂದು ಪಟ್ಟಿ ಇದೆ. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್ ಇಂಥ ಸರ್ಕಾರಿ ಧನಸಹಾಯಗಳು ಅದರಲ್ಲಿವೆ. ಎನ್‌ಎಚ್‌ಎಸ್ ಚಿಕಿತ್ಸೆ ಆ ಪಟ್ಟಿಯಲ್ಲಿಲ್ಲ. ಮುಂದೆ ಮಗು ಓದುವ ಸರ್ಕಾರಿ ಶಾಲೆಯೂ ಇಲ್ಲ. ಎನ್‌ಎಚ್‌ಎಸ್‌ನಲ್ಲಿ ಹೆರಿಗೆ ಮಾಡಿಸಿಕೊಂಡರೆ ವೀಸಾ ಷರತ್ತು ಮುರಿದಂತೆ ಆಗುವುದಿಲ್ಲ.

ಇಲ್ಲಿ ಒಂದು ಕಡೆ ನಿಜವಾಗಿಯೂ ಎಚ್ಚರ ಬೇಕು. ಹೆರಿಗೆಯಾದ ಮೇಲೆ ಕೈಗೆ ಬರುವ ಕಾಗದಪತ್ರಗಳಲ್ಲಿ ಚೈಲ್ಡ್ ಬೆನಿಫಿಟ್ ಅರ್ಜಿಯ ಮಾಹಿತಿಯೂ ಇರುತ್ತದೆ. ಎಲ್ಲ ತಾಯಂದಿರಿಗೂ ಕೊಡುವಂತೆ ನಿಮಗೂ ಕೊಡುತ್ತಾರೆ, ಕೊಟ್ಟವರಿಗೆ ನಿಮ್ಮ ವೀಸಾ ಯಾವುದೆಂದು ಗೊತ್ತಿರುವುದಿಲ್ಲ. ಅದನ್ನು ತುಂಬಿ ಕಳಿಸಬೇಡಿ. ನಿಮ್ಮ ಈಗಿನ ವೀಸಾದಲ್ಲಿ ಅದನ್ನು ಪಡೆದರೆ ಷರತ್ತು ಮುರಿದಂತೆ. ಆದರೆ ನೀವು ಇಲ್ಲಿ ಕೆಲಸ ಮಾಡುತ್ತಿದ್ದು ನಿಯಮದಷ್ಟು ದಿನ ಪೂರೈಸಿದ್ದರೆ ಸಿಗುವ ಸ್ಟ್ಯಾಚುಟರಿ ಮೆಟರ್ನಿಟಿ ಪೇ (ಕಂಪನಿ ಕೊಡುವ ಹೆರಿಗೆ ರಜೆಯ ಸಂಬಳ) ಅಥವಾ ಮೆಟರ್ನಿಟಿ ಅಲೊವೆನ್ಸ್ (ಅದು ಸಿಗದವರಿಗೆ ಸರ್ಕಾರ ಕೊಡುವ ಭತ್ಯೆ) ಪಬ್ಲಿಕ್ ಫಂಡ್ಸ್ ಅಲ್ಲ, ಅವನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಈಗ ಹೊಸ ಕೆಲಸಕ್ಕೆ ಸೇರಿದರೆ ಮೊದಲನೆಯದು ನಿಮಗೆ ಸಿಗುವುದಿಲ್ಲ, ಯಾಕೆಂದರೆ ಹೆರಿಗೆ ವಾರಕ್ಕೆ ಹದಿನೈದು ವಾರ ಮುಂಚೆಯೇ ಅದೇ ಕಂಪನಿಯಲ್ಲಿ 26 ವಾರ ಆಗಿರಬೇಕು. ಎರಡನೆಯದಕ್ಕೆ ಹೆರಿಗೆಗೆ ಹಿಂದಿನ 66 ವಾರಗಳಲ್ಲಿ 26 ವಾರ ದುಡಿದಿದ್ದರೆ ಸಾಕು. ಬೇಗ ಕೆಲಸ ಸಿಕ್ಕರೆ ಅದು ಅಂಚಿನಲ್ಲಿ ಸಾಧ್ಯ.

ಬಿಲ್ ಬಂದವರ ಕಥೆ

ನಿಮ್ಮ ಪರಿಚಯದವರಿಗೆ ಬಿಲ್ ಬಂದದ್ದು ಸುಳ್ಳಿರಲಿಕ್ಕಿಲ್ಲ. ಹಾಗೆ ಆಗುವುದಕ್ಕೆ ನಾನು ಕಂಡಂತೆ ಮೂರು ಕಾರಣ.

ಮೊದಲನೆಯದು, ವಿಸಿಟರ್ ವೀಸಾ. ಡಿಪೆಂಡೆಂಟ್ ವೀಸಾ ತಡವಾಗುತ್ತದೆ, ಸುಮ್ನೆ ಹೋಗಿಬರೋಣ ಅಂತ ವಿಸಿಟರ್ ಆಗಿ ಬಂದು, ಇಲ್ಲಿದ್ದಾಗ ಗರ್ಭಿಣಿಯಾದವರು ಅಥವಾ ಗರ್ಭಿಣಿಯಾಗಿಯೇ ಬಂದವರು. ಅವರಿಗೆ ಆಸ್ಪತ್ರೆ ಮಾಮೂಲಿ ದರದ ಒಂದೂವರೆ ಪಟ್ಟು ಹಾಕುತ್ತದೆ. ಹೆರಿಗೆ ಸೇರಿದರೆ ಹಲವು ಸಾವಿರ ಪೌಂಡ್, ಮಗು ಬೇಗ ಹುಟ್ಟಿ ಎನ್‌ಐಸಿಯುಗೆ ಹೋದರೆ ಇನ್ನೂ ಎಷ್ಟೋ. ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಹೆರಿಗೆಗೆ ಕೊಡುವುದಿಲ್ಲ. ಇಲ್ಲಿಯೇ ಇದ್ದುಕೊಂಡು ವಿಸಿಟರ್ ವೀಸಾವನ್ನು ಡಿಪೆಂಡೆಂಟ್ ಆಗಿ ಬದಲಾಯಿಸಲೂ ಆಗುವುದಿಲ್ಲ. ಇದನ್ನು ಓದುತ್ತಿರುವ ಯಾರಾದರೂ ಆ ಯೋಚನೆಯಲ್ಲಿದ್ದರೆ, ದಯವಿಟ್ಟು ಬೇಡ.

ಎರಡನೆಯದು, ವೀಸಾ ಮಧ್ಯದಲ್ಲಿ ಮುಗಿದವರು. ಕೆಲಸ ಹೋದರೆ ಕಂಪನಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆಗೆ) ತಿಳಿಸುತ್ತದೆ, ಆಮೇಲೆ ಸಾಮಾನ್ಯವಾಗಿ 60 ದಿನ ಕೊಟ್ಟು ವೀಸಾ ಮೊಟಕು ಮಾಡುತ್ತಾರೆ. ಡಿಪೆಂಡೆಂಟ್ ವೀಸಾವೂ ಅದರ ಜೊತೆಗೇ ಹೋಗುತ್ತದೆ. ಆ ತಾರೀಕಿನವರೆಗೆ ಚಿಕಿತ್ಸೆ ಉಚಿತ. ಆ ತಾರೀಕಿನೊಳಗೆ ಹೊಸ ಅರ್ಜಿ ಹಾಕಿದರೆ ತೀರ್ಮಾನ ಬರುವವರೆಗೂ ಹಳೆಯ ಹಕ್ಕು ಮುಂದುವರಿಯುತ್ತದೆ. ಏನೂ ಮಾಡದೆ ತಾರೀಕು ದಾಟಿಸಿದರೆ ಬಿಲ್ ಶುರು.

ಮೂರನೆಯದು, ಹಕ್ಕು ಇದ್ದೂ ತಪ್ಪಾಗಿ ಬಿಲ್ ಬಂದವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರಿಗೆ ಇದು ಜಾಸ್ತಿ ಆಗುತ್ತದೆ. ಸರ್‌ಚಾರ್ಜ್ ಕಟ್ಟಿದವರ ವಿವರ ಹೋಮ್ ಆಫೀಸಿನಿಂದ ಎನ್‌ಎಚ್‌ಎಸ್ ಕಂಪ್ಯೂಟರಿಗೆ ಹೋಗಿ, ಆಸ್ಪತ್ರೆಯವರು ನಿಮ್ಮ ದಾಖಲೆ ತೆರೆದರೆ ಹಸಿರು ಪಟ್ಟಿ ಕಾಣಿಸುತ್ತದೆ. ಹೆಸರು, ಹುಟ್ಟಿದ ದಿನ ಎರಡೂ ಕಡೆ ಒಂದೇ ಇದ್ದರೆ ಮಾತ್ರ ದಾಖಲೆಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ನಮ್ಮ ಪಾಸ್‌ಪೋರ್ಟ್‌ಗಳನ್ನು ನೋಡಿ: ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಗಿವನ್ ನೇಮ್‌ನಲ್ಲಿ, ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಒಂದು ಕಡೆ, ಬಿಡಿಸಿ ಬರೆದದ್ದು ಇನ್ನೊಂದು ಕಡೆ. ಜಿಪಿ, ಅಂದರೆ ನಮ್ಮ ಬಡಾವಣೆಯ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದಾಗ ರಿಸೆಪ್ಷನ್‌ನವರು ಸರ್‌ನೇಮ್ ಕೇಳುತ್ತಾರೆ, ನಾವು ತಕ್ಷಣ ಗಂಡನ ಹೆಸರು ಹೇಳಿಬಿಡುತ್ತೇವೆ. ಅಲ್ಲಿಗೆ ಒಬ್ಬಳೇ ಹೆಂಗಸು ಎರಡು ಹೆಸರಲ್ಲಿ ಇಬ್ಬರಾಗುತ್ತಾಳೆ, ಹಸಿರು ಪಟ್ಟಿ ಒಂದು ಹೆಸರಿನಲ್ಲಿ, ಸ್ಕ್ಯಾನ್ ಇನ್ನೊಂದು ಹೆಸರಿನಲ್ಲಿ. ಆದ್ದರಿಂದ ಜಿಪಿ ಫಾರಂ ತುಂಬುವಾಗ ಇ-ವೀಸಾವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ಅಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಿರಿ.

ಇಷ್ಟಾದ ಮೇಲೂ ಬಿಲ್ ಬಂದರೆ ಹೆದರಿ ಕಟ್ಟಬೇಡಿ, ಡ್ರಾಯರಿಗೆ ಹಾಕಿ ಮರೆಯಲೂ ಬೇಡಿ. ಆಸ್ಪತ್ರೆಯ ಓವರ್‌ಸೀಸ್ ವಿಸಿಟರ್ಸ್ ತಂಡಕ್ಕೆ ಇಮೇಲ್ ಬರೆದು, ಇ-ವೀಸಾದ ಶೇರ್ ಕೋಡ್ (ನಿಮ್ಮ ವೀಸಾವನ್ನು ಅವರು ಆನ್‌ಲೈನ್‌ನಲ್ಲಿ ನೋಡಲು ನೀವು ತೆಗೆದುಕೊಡುವ ಕೋಡ್) ಮತ್ತು ಐಎಚ್‌ಎಸ್ ನಂಬರ್ ಕೊಡಿ. ಶೇರ್ ಕೋಡ್ 90 ದಿನ ನಡೆಯುತ್ತದೆ, ಆಮೇಲೆ ಹೊಸದು ತೆಗೆಯಬಹುದು. ಅವರು ಕೇಳಿಸಿಕೊಳ್ಳದಿದ್ದರೆ ಅದೇ ಆಸ್ಪತ್ರೆಯಲ್ಲಿ ಪಾಲ್ಸ್ ಎಂಬ ರೋಗಿಗಳ ಸಹಾಯ ವಿಭಾಗ ಇರುತ್ತದೆ. ಸುಮ್ನೆ ಬಿಟ್ಟರೆ ಅಪಾಯ ಏನೆಂದರೆ, 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಎರಡು ತಿಂಗಳು ದಾಟಿದರೆ ಮಾಹಿತಿ ಹೋಮ್ ಆಫೀಸಿಗೆ ಹೋಗಬಹುದು, ಮುಂದಿನ ವೀಸಾ ಅರ್ಜಿಗೆ ಅದು ಅಡ್ಡ ಬರಬಹುದು. ಆಸ್ಪತ್ರೆಗೆ ಹೋದರೆ ವೀಸಾಗೆ ತೊಂದರೆ ಎಂಬ ಮಾತಿನ ಮೂಲ ಈ ಬಾಕಿಯ ನಿಯಮವೇ ಇರಬೇಕು.

ಇನ್ನೊಂದು ವಿಷಯ, ನಿಮಗೆ ಬೇಕಾಗದಿದ್ದರೂ ಬೇರೆಯವರಿಗೆ ಬೇಕಾದೀತು. ಹಕ್ಕು ಇಲ್ಲದವಳಾದರೂ, ಹಣ ಇಲ್ಲದವಳಾದರೂ, ಗರ್ಭಿಣಿಯನ್ನು ಇಲ್ಲಿನ ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ. ಹೆರಿಗೆ ಆರೈಕೆ ಎಲ್ಲವನ್ನೂ ತಕ್ಷಣ ಕೊಡಲೇಬೇಕಾದ ಚಿಕಿತ್ಸೆ ಎಂದೇ ನಿಯಮ ಹೇಳುತ್ತದೆ. ಹಣದ ಮಾತು ಆಮೇಲೆ, ಕಂತಿನಲ್ಲಿ ಕಟ್ಟುವುದಕ್ಕೂ ಕೇಳಬಹುದು. ಇಂಥ ಇಕ್ಕಟ್ಟಿನಲ್ಲಿರುವವರಿಗೆ ಮೆಟರ್ನಿಟಿ ಆ್ಯಕ್ಷನ್ ಎಂಬ ಸಂಸ್ಥೆ ಸಲಹೆ ಕೊಡುತ್ತದೆ.

ಈ ವಾರ ಮಾಡಬೇಕಾದದ್ದು

ಮೊದಲು ಜಿಪಿ ಹತ್ತಿರ ಹೆಸರು ನೋಂದಾಯಿಸಿ. ಅದಕ್ಕೆ ವಿಳಾಸದ ದಾಖಲೆ ಕಡ್ಡಾಯ ಅಲ್ಲ. ಬಾಡಿಗೆ ಕರಾರು ಗಂಡನ ಹೆಸರಲ್ಲಿದೆ, ನನ್ನ ಹೆಸರಲ್ಲಿ ಒಂದು ಬಿಲ್ ಕೂಡ ಇಲ್ಲ ಅಂತ ವಾರಗಟ್ಟಲೆ ಕಾಯುವವರಿದ್ದಾರೆ. ಬೇಕಿಲ್ಲ. ಜಿಪಿ ನೋಂದಣಿ ಮುಗಿಯುವವರೆಗೆ ಮಿಡ್‌ವೈಫ್‌ಗೂ ಕಾಯಬೇಕಿಲ್ಲ. ಹತ್ತಿರದ ಹೆರಿಗೆ ಆಸ್ಪತ್ರೆಯ ಜಾಲತಾಣದಲ್ಲಿ ನೀವೇ ನೇರವಾಗಿ ಹೆಸರು ಕೊಡುವ ಫಾರಂ ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಒಂದೇ ದಿನ ಮಾಡಿ.

ಅವಸರ ಯಾಕೆಂದರೆ, ಮೊದಲ ಭೇಟಿ ಹತ್ತನೇ ವಾರದೊಳಗೆ ಆಗಬೇಕು. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ವಂಶದಿಂದ ಬರುವ ರಕ್ತದ ಕಾಯಿಲೆಗಳ ಪರೀಕ್ಷೆ ಅಷ್ಟರೊಳಗೆ ಆದರೆ ಒಳ್ಳೆಯದು. ನಿಮ್ಮಲ್ಲಿ ಅದರ ಅಂಶ ಕಂಡರೆ ಗಂಡನಿಗೂ ಪರೀಕ್ಷೆ ಮಾಡಿ, ಮುಂದೇನು ಅಂತ ಯೋಚಿಸಲು ಸಮಯ ಇರುತ್ತದೆ. ಡೌನ್ ಸಿಂಡ್ರೋಮ್ ಸಾಧ್ಯತೆ ನೋಡುವ ಮೊದಲ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಯನ್ನು ಹನ್ನೊಂದರಿಂದ ಹದಿನಾಲ್ಕನೇ ವಾರದ ನಡುವೆ ಮಾಡುತ್ತಾರೆ. ತಡವಾದರೆ ಬೇರೆ ಪರೀಕ್ಷೆ ಇದೆ, ಅದು ಇದರಷ್ಟು ಖಚಿತವಲ್ಲ. ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ಮಾತ್ರೆಯನ್ನು ಇವತ್ತೇ ಅಂಗಡಿಯಲ್ಲಿ ತಂದು ಶುರು ಮಾಡಿ, ಹನ್ನೆರಡು ವಾರದವರೆಗೆ. ಜೊತೆಗೆ ವಿಟಮಿನ್ ಡಿ 10 ಮೈಕ್ರೋಗ್ರಾಂ. ಇಲ್ಲಿನ ಚಳಿಗಾಲದ ಬಿಸಿಲು ನಮ್ಮ ಚರ್ಮಕ್ಕೆ ಸಾಕಾಗುವುದಿಲ್ಲ.

ಬುಕಿಂಗ್ ಎಂದು ಕರೆಯುವ ಆ ಮೊದಲ ಭೇಟಿಯಲ್ಲಿ ಹತ್ತಿರಹತ್ತಿರ ಒಂದು ಗಂಟೆ ಪ್ರಶ್ನೆಗಳೇ. ಗಂಡ ಮತ್ತು ನೀವು ರಕ್ತಸಂಬಂಧಿಗಳಾ ಎಂದು ಕೇಳುತ್ತಾರೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ಸಂಕೋಚಪಟ್ಟು ‘ದೂರದ ಸಂಬಂಧ’ ಅಂದುಬಿಡುತ್ತಾರೆ. ಹಾಗೆ ಮಾಡಬೇಡಿ, ಸಂಬಂಧ ಏನು ಎಂದು ನೇರವಾಗಿ ಹೇಳಿ. ಅದರಿಂದ ಯಾವ ಪರೀಕ್ಷೆ ಬೇಕು ಎಂಬುದು ಬದಲಾಗುತ್ತದೆ, ಯಾರೂ ನಿಮ್ಮನ್ನು ಅಳೆಯುವುದಿಲ್ಲ. ಗಂಡನನ್ನು ಹೊರಗೆ ಕೂರಿಸಿ ಮನೆಯಲ್ಲಿ ಹೊಡೆತ-ಬಡಿತ ಇದೆಯಾ ಎಂದೂ ಕೇಳುತ್ತೇವೆ. ಎಲ್ಲ ಹೆಂಗಸರಿಗೂ ಕೇಳುವ ಪ್ರಶ್ನೆ ಅದು, ನಿಮ್ಮವರು ಬೇಸರ ಮಾಡಿಕೊಳ್ಳುವುದು ಬೇಡ. ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಾದರೆ ಕನ್ನಡ ದುಭಾಷಿ ಬೇಕು ಎಂದು ಮೊದಲೇ ಹೇಳಿ, ಫೋನಿನಲ್ಲಾದರೂ ಒದಗಿಸುತ್ತಾರೆ, ಅದಕ್ಕೂ ದುಡ್ಡಿಲ್ಲ. ನಾವು ದಕ್ಷಿಣ ಏಷ್ಯಾದವರು ಎಂಬ ಕಾರಣಕ್ಕೇ 24ರಿಂದ 28ನೇ ವಾರದ ನಡುವೆ ಸಕ್ಕರೆ ಪರೀಕ್ಷೆಗೆ ಕರೆಯುತ್ತಾರೆ. ಅಮ್ಮನಿಗೂ ಶುಗರ್ ಇದೆ ಅಂದಿರಲ್ಲ, ಅದನ್ನು ತಪ್ಪದೇ ಹೇಳಿ.

ಆ ದಿನ ಮಿಡ್‌ವೈಫ್ ಹತ್ತಿರ ಮೆಟರ್ನಿಟಿ ಎಕ್ಸೆಂಪ್ಶನ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಪ್ರಿಸ್ಕ್ರಿಪ್ಷನ್‌ನ ಒಂದೊಂದು ಔಷಧಿಗೆ ಸುಮಾರು 10 ಪೌಂಡ್ ಆಗುತ್ತದೆ. ಈ ಸರ್ಟಿಫಿಕೇಟ್ ಇದ್ದರೆ ಹೆರಿಗೆಯ ತಾರೀಕಿನ ನಂತರ ಒಂದು ವರ್ಷದವರೆಗೆ ಔಷಧಿ ಉಚಿತ, ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಯೂ ಉಚಿತ. ವೀಸಾದ ನೆಪದಲ್ಲಿ ಇದನ್ನು ಕೇಳದೆ ಬಿಡುವವರು ಎಷ್ಟೋ ಜನ.

ಮಗುವಿನ ಮೂರು ತಿಂಗಳು

ನೀವು ಕೇಳಿದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದು, ಆದರೆ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗಿದೆ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಪ್ರಜೆ ಆಗುವುದಿಲ್ಲ. 1983ರಿಂದ ಇರುವ ನಿಯಮ: ತಂದೆ-ತಾಯಿಯರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಅಥವಾ ಇಲ್ಲಿ ಶಾಶ್ವತ ವಾಸದ ಹಕ್ಕು ಪಡೆದವರು ಆಗಿರಬೇಕು. ನಿಮ್ಮ ಮಗು ಭಾರತೀಯ ಪ್ರಜೆ. ಹುಟ್ಟಿದಾಗ ಅದಕ್ಕೆ ವೀಸಾವೂ ಇರುವುದಿಲ್ಲ, ಸರ್‌ಚಾರ್ಜೂ ಕಟ್ಟಿರುವುದಿಲ್ಲ.

ಸರ್‌ಚಾರ್ಜ್ ಕಟ್ಟಿದವರಿಗೆ ಹುಟ್ಟಿದ ಮಗುವಿಗೆ ಮೊದಲ ಮೂರು ತಿಂಗಳು ಆಸ್ಪತ್ರೆಯ ಚಿಕಿತ್ಸೆಯೂ ಉಚಿತ. ಆದರೆ ಮಗು ಅಷ್ಟರೊಳಗೆ ದೇಶ ಬಿಟ್ಟು ಹೋಗಿರಬಾರದು. ಎರಡನೇ ತಿಂಗಳಲ್ಲೇ ಅಜ್ಜಿ ಮನೆಗೆ ಕರೆದುಕೊಂಡು ಹೋದರೆ ಈ ರಿಯಾಯಿತಿ ಅಲ್ಲಿಗೇ ಮುಗಿಯಿತು. ವಾಪಸ್ ಬರಲು ಮಗುವಿಗೆ ವೀಸಾ ಬೇಕೇ ಬೇಕು.

ಮೂರು ತಿಂಗಳು ದೊಡ್ಡ ಅವಧಿ ಅನಿಸುತ್ತದೆ, ಆದರೆ ಕಾಗದದ ಕೆಲಸ ಒಂದರ ಹಿಂದೆ ಒಂದು ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ 42 ದಿನದೊಳಗೆ ಜನನ ನೋಂದಣಿ ಆಗಬೇಕು. ಆ ಪ್ರಮಾಣಪತ್ರ ಬಂದ ಮೇಲೆಯೇ ಭಾರತದ ಹೈಕಮಿಷನ್ ಅಥವಾ ಕಾನ್ಸುಲೇಟ್‌ನಲ್ಲಿ ಜನನ ದಾಖಲೆ ಮತ್ತು ಪಾಸ್‌ಪೋರ್ಟ್. ಭಾರತದ ಕಾನೂನು ಒಂದು ವರ್ಷದೊಳಗೆ ದಾಖಲಿಸಿ ಅನ್ನುತ್ತದೆ, ನೀವು ಅಷ್ಟು ಕಾಯಬಾರದು. ಪಾಸ್‌ಪೋರ್ಟ್ ಬಂದ ಮೇಲೆ ಇಲ್ಲಿಂದಲೇ ಮಗುವಿಗೆ ಡಿಪೆಂಡೆಂಟ್ ವೀಸಾ ಅರ್ಜಿ, ಜೊತೆಗೆ ವರ್ಷಕ್ಕೆ 776 ಪೌಂಡ್ ಲೆಕ್ಕದಲ್ಲಿ ಸರ್‌ಚಾರ್ಜ್. ಹಾಗಾಗಿ ಹುಟ್ಟಿದ ಎರಡನೇ ವಾರದಲ್ಲೇ ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಹೆಸರು ಮೊದಲೇ ಯೋಚಿಸಿಟ್ಟುಕೊಳ್ಳಿ. ನಾಮಕರಣ ಆಗಲಿ, ಆಮೇಲೆ ನೋಡೋಣ ಎಂದು ಮೂರು ತಿಂಗಳು ಕಳೆದವರನ್ನು ನಾನು ಕಂಡಿದ್ದೇನೆ. ತೊಟ್ಟಿಲಿಗೆ ಹಾಕುವ ಶಾಸ್ತ್ರ ಯಾವಾಗ ಬೇಕಾದರೂ ಆಗಲಿ, ನೋಂದಣಿ ಮೊದಲು ಆಗಲಿ. ಅಲ್ಲಿ ಬರೆಸುವ ಹೆಸರಿನಲ್ಲೂ ಸರ್‌ನೇಮ್ ಏನು ಎಂಬುದು ಮೊದಲೇ ಇಬ್ಬರೂ ಕೂತು ನಿರ್ಧರಿಸಿಕೊಳ್ಳಿ.

ಜಿಪಿ ಭೇಟಿ ಮತ್ತು ಎಂಟು, ಹನ್ನೆರಡು, ಹದಿನಾರನೇ ವಾರದ ಲಸಿಕೆಗಳಿಗೆ ಈ ಮೂರು ತಿಂಗಳ ಲೆಕ್ಕ ಇಲ್ಲ, ಅವು ಎಲ್ಲ ಮಕ್ಕಳಿಗೂ ಉಚಿತ. ವೀಸಾ ತಡವಾಯಿತು ಅಂತ ಲಸಿಕೆ ತಪ್ಪಿಸಬೇಡಿ.

ಮಗುವಿನ ವೀಸಾ ಅರ್ಜಿ ತುಂಬುವ ವಿಷಯದಲ್ಲಿ ನಾನು ಸಲಹೆ ಕೊಡುವವಳಲ್ಲ, ಇಲ್ಲಿ ಅದಕ್ಕೆ ಪರವಾನಗಿ ಬೇಕು. ಗಂಡನ ಕಂಪನಿಯ ಎಚ್‌ಆರ್ ಅಥವಾ ನೋಂದಾಯಿತ ಇಮಿಗ್ರೇಶನ್ ಸಲಹೆಗಾರರನ್ನು ಕೇಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಡಿ.

ಊರಿಗೆ ಹೋಗುವುದಾ, ಇಲ್ಲೇ ಇರುವುದಾ

ಇದು ನಿಮ್ಮ ಮನೆಯ ತೀರ್ಮಾನ. ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವುದರ ಸುಖವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಇಲ್ಲಿ ಎಲ್ಲ ಸರಿಯಿದ್ದರೆ ಹೆರಿಗೆಯಾದ ಮಾರನೇ ದಿನ, ಕೆಲವು ಸಲ ಅದೇ ದಿನ, ಮನೆಗೆ ಕಳಿಸುತ್ತಾರೆ. ಆಮೇಲೆ ಮಿಡ್‌ವೈಫ್ ಬಂದು ನೋಡುತ್ತಾರೆ, ನಂತರ ಮಗುವಿನ ಬೆಳವಣಿಗೆ ನೋಡುವ ಹೆಲ್ತ್ ವಿಸಿಟರ್ ಬರುತ್ತಾರೆ. ಆದರೆ ಎಣ್ಣೆ ನೀರು ಹಾಕುವವರು, ರಾತ್ರಿ ಮಗು ಎತ್ತಿಕೊಳ್ಳುವವರು, ಬಿಸಿ ಸಾರು-ಅನ್ನ ಕೈಗಿಡುವವರು ಯಾರೂ ಇರುವುದಿಲ್ಲ. ಮೊದಲ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಆದರೂ ಹೊರಡುವ ಮುಂಚೆ ಲೆಕ್ಕ ಹಾಕಬೇಕಾದದ್ದು ಇದೆ. 28 ವಾರ ದಾಟಿದರೆ ವಿಮಾನದವರು ಡಾಕ್ಟರ ಅಥವಾ ಮಿಡ್‌ವೈಫ್ ಪತ್ರ ಕೇಳುತ್ತಾರೆ, 36ರ ನಂತರ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಏಳನೇ ತಿಂಗಳಿಗೆ ಹೋಗಿ, ಹೆರಿಗೆ ಮುಗಿಸಿ, ಐದು ತಿಂಗಳ ಬಾಣಂತನ ಮುಗಿಸಿ ಬರುವುದೆಂದರೆ ಸುಮಾರು ಏಳು ತಿಂಗಳು ಹೊರಗೆ. ಮುಂದೆ ಇಲ್ಲಿ ಶಾಶ್ವತ ವಾಸಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ, ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿರಬಾರದು ಎಂಬ ನಿಯಮ ಡಿಪೆಂಡೆಂಟ್‌ಗೂ ಇದೆ. ಇದನ್ನು ಗಮನಿಸದೆ ಹೋದವರು ಜಾಸ್ತಿ. ಅಲ್ಲಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್, ವೀಸಾ, ಸರ್‌ಚಾರ್ಜ್ ಎಲ್ಲ ಊರಿನಿಂದಲೇ ಆಗಬೇಕು, ಅದು ಆಗುವವರೆಗೆ ನೀವೂ ಅಲ್ಲೇ. ಹೆರಿಗೆಯ ಹೊತ್ತಿಗೆ ಗಂಡನಿಗೆ ರಜೆ ಸಿಗುತ್ತದೋ ಇಲ್ಲವೋ ಅದನ್ನೂ ನೋಡಬೇಕು. ನಿಮ್ಮ ಎನ್‌ಎಚ್‌ಎಸ್ ಹಕ್ಕೇನೂ ಹೋಗುವುದಿಲ್ಲ, ವೀಸಾ ಇರುವವರೆಗೆ ವಾಪಸ್ ಬಂದಾಗ ಸಿಗುತ್ತದೆ. ಹೋಗುವುದೇ ಆದರೆ ಇಲ್ಲಿನ ಎಲ್ಲ ವರದಿಗಳ ಪ್ರತಿ ತೆಗೆದುಕೊಂಡು ಹೋಗಿ. ಸಕ್ಕರೆ ಬಂದಿದ್ದರೆ, ಬಿಪಿ ಏರಿದ್ದರೆ, ಮಾಸು ಕೆಳಗಿದ್ದರೆ ಹೊರಡಬೇಡಿ ಅಂತಲೇ ನಾನು ಹೇಳುತ್ತೇನೆ.

ನಿಮ್ಮ ಪರಿಸ್ಥಿತಿಯಲ್ಲಿ ನನಗೆ ಸರಿ ಕಾಣುವುದು ಇಲ್ಲೇ ಹೆರಿಗೆ, ಅಮ್ಮ ಇಲ್ಲಿಗೆ. ಹಾಗಾದರೆ ಅಮ್ಮನ ಬಗ್ಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಈಗ ಬಿಲ್ ಬರುವ ಸಾಧ್ಯತೆ ನಿಜವಾಗಿ ಇರುವುದು ಅವರಿಗೆ ಮಾತ್ರ. ಅವರು ವಿಸಿಟರ್. ಜಿಪಿ ನೋಡುವುದು ಮತ್ತು ಎ ಅಂಡ್ ಇ ತುರ್ತು ಚಿಕಿತ್ಸೆ ಉಚಿತ, ಆದರೆ ಅಲ್ಲಿಂದ ವಾರ್ಡಿಗೆ ದಾಖಲಾದ ಕ್ಷಣದಿಂದ ಒಂದೂವರೆ ಪಟ್ಟು ದರ ಶುರು. ಭಾರತದ ಜೊತೆ ಈ ಬಗ್ಗೆ ಯಾವ ಒಪ್ಪಂದವೂ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಅದರಲ್ಲಿ ಶುಗರ್ ಇದೆ ಎಂದು ಬರೆಸಿಯೇ ಮಾಡಿಸಿ. ಪ್ರೀಮಿಯಂ ಜಾಸ್ತಿ ಆಗುತ್ತದೆ ಅಂತ ಮುಚ್ಚಿಟ್ಟರೆ ಬೇಕಾದ ದಿನ ಅದು ಕೈಕೊಡುತ್ತದೆ. ಆರು ತಿಂಗಳ ಮಾತ್ರೆ, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ ತರಲಿ. ಡ್ಯೂ ಡೇಟ್‌ಗೆ ಎರಡು ವಾರ ಮುಂಚೆ ಬರುವ ಹಾಗೆ ಟಿಕೆಟ್ ಮಾಡಿ. ತೀರಾ ಮುಂಚೆ ಬಂದರೆ ಅವರ ಆರು ತಿಂಗಳು ನಿಮಗೆ ಬೇಕಾದ ಹೊತ್ತಿಗೆ ಮುಗಿದುಹೋಗುತ್ತದೆ.

ಕೊನೆಯದಾಗಿ, ಬುಕಿಂಗ್ ಆಗುವ ಮೊದಲೇ ರಕ್ತ ಕಾಣಿಸಿದರೆ, ಒಂದೇ ಕಡೆ ಹೊಟ್ಟೆ ಅಥವಾ ಭುಜದ ತುದಿ ನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಅವರು ಹತ್ತಿರದ ಅರ್ಲಿ ಪ್ರೆಗ್ನೆನ್ಸಿ ಯೂನಿಟ್‌ಗೆ ಕಳಿಸುತ್ತಾರೆ. ರಕ್ತ ಜೋರಾಗಿ ಹೋಗುತ್ತಿದ್ದರೆ, ನೋವು ತಡೆಯಲಾಗದಿದ್ದರೆ, ತಲೆ ಸುತ್ತಿ ಬಿದ್ದರೆ ಅಥವಾ ಎಚ್ಚರ ತಪ್ಪುವಂತಾದರೆ ಆಂಬುಲೆನ್ಸ್‌ಗೆ 999. ಆ ಹೊತ್ತಿನಲ್ಲಿ ಯಾರೂ ನಿಮ್ಮ ವೀಸಾ ಕೇಳುತ್ತಾ ಕೂರುವುದಿಲ್ಲ. ನಿಮ್ಮ ಹೆಸರು, ಎಷ್ಟು ವಾರ, ರಕ್ತದ ಗುಂಪು ಗೊತ್ತಿದ್ದರೆ ಅದು, ಇಷ್ಟು ಹೇಳಿದರೆ ಸಾಕು.